ತುಂಬಿದ ಹಗೇವು

ಕೊಣ್ಣೂರ ಹೊರಗಿರುವ ದುಂಡಪ್ಪನ ತೋಟದ ಮನೆಯಲ್ಲಿ ಸುಮ್ಮನಿರುವುದು ಗೊತ್ತಿದ್ದ ವಸ್ತು ಒಂದೇ ಒಂದಿತ್ತು. ಅದು ಸಂಡಾಸ. ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು. ತಲಬಾಗಿಲು ಕಿರುಗುಟ್ಟುತ್ತಿತ್ತು, ಎಮ್ಮೆ ಒದರುತ್ತಿತ್ತು, ಪಂಪಸೆಟ್ಟು ಕೆಮ್ಮುತ್ತಿತ್ತು, ಇವೆಲ್ಲವುಗಳ ಮೇಲೆ ದುಂಡಪ್ಪ ತನ್ನ ಮನೆತನದ ಹಿರಿಮೆಯನ್ನು ದಾರಿಹೋಕರಿಗೆಲ್ಲ ಹೇಳುತ್ತಿದ್ದ. ಸಂಡಾಸ ಮಾತ್ರ ಅವನ ಅಪ್ಪನ ಕಾಲದಿಂದಲೂ ಕೊಟ್ಟದ್ದನ್ನು ತೆಗೆದುಕೊಂಡು, ಎಲ್ಲಿಗೆ ಕಳಿಸಿದೆನೆಂದು ಯಾರಿಗೂ ಹೇಳದೆ, ತನ್ನ ಪಾಡಿಗೆ ತಾನಿತ್ತು. ಇಂಥ ಮೌನದ ಬೆಲೆ ಅದು ಮುರಿದ ಮೇಲೆಯೇ ತಿಳಿಯುತ್ತದೆ.

ಮುರಿದವನು ದುಂಡಪ್ಪನೇ. ಅವನ ಮಗಳು ದಾನೇಶ್ವರಿಗೆ ಹುಕ್ಕೇರಿಯ ಪ್ರಭು ಎಂಬ ಹುಡುಗನ ಜೊತೆ ಮಾತು ನಡೆದಿತ್ತು. ಇಬ್ಬರೂ ಒಪ್ಪಿದ್ದರು, ಎಷ್ಟು ಒಪ್ಪಿದ್ದರೆಂಬುದು ದಾನೇಶ್ವರಿಯ ಫೋನು ದಿನಾ ಸಂಜೆಯೊಳಗೆ ಸುಸ್ತಾಗಿ ಚಾರ್ಜಿಗೆ ಮಲಗುವುದರಿಂದ ಗೊತ್ತಾಗುತ್ತಿತ್ತು. ಉಳಿದದ್ದು ಹುಡುಗನ ಅಜ್ಜ ಗುರುಪಾದಪ್ಪನವರು ಬಂದು ಮನೆ ನೋಡಿ, “ಸಕ್ಕರಿ ತರ್ರಿ” ಎನ್ನುವುದೊಂದೇ. ಸಕ್ಕರೆ ಬಾಯಿಗೆ ಬಿತ್ತೆಂದರೆ ಸಂಬಂಧ ಗಟ್ಟಿ. ಬೀಳುವವರೆಗೆ ಎಲ್ಲವೂ ಬರಿಯ ಮಾತು.

ಹುಕ್ಕೇರಿಯೆಂದರೆ ತಾಲೂಕು ಕೇಂದ್ರ. ಅಂಥ ಊರಿನ ಹಿರಿಯರನ್ನು ಕುಕ್ಕರಗಾಲಲ್ಲಿ ಕೂರಿಸುವುದು ಮನೆತನಕ್ಕೆ ಶೋಭೆಯಲ್ಲವೆಂದು ದುಂಡಪ್ಪನಿಗೆ ಅನಿಸಿತು. ಗೋಕಾಕಿಗೆ ಹೋಗಿ ಕಮೋಡು ತಂದ. ಅಪ್ಪನ ಕಾಲದ ಕಲ್ಲು ಕೀಳಿಸಿ ಬೆಳ್ಳಗಿನ ಆ ಸಿಂಹಾಸನವನ್ನು ಕೂರಿಸಿದ. ಬಟನ್ ಒತ್ತಿದರೆ ಒಂದು ಕೊಡ ನೀರು ಗುಡುಗಿಕೊಂಡು ಇಳಿಯುತ್ತಿತ್ತು. ಮನೆಗೆ ಬಂದವರಿಗೆಲ್ಲ ಅವನು ಚಹಾಕ್ಕಿಂತ ಮೊದಲು ಆ ನೀರನ್ನು ತೋರಿಸಿದ. ಸರಿಯಾಗಿ ನೋಡಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದ. ಹಾಲು ಹಾಕಲು ಬಂದವನಿಗೂ ತೋರಿಸಿದ, ಮೀಟರ್ ಓದಲು ಬಂದವನಿಗೂ ತೋರಿಸಿದ. ಒಂದು ತಂಬಿಗೆ ನೀರಿನಲ್ಲಿ ಮುಗಿಯುತ್ತಿದ್ದ ಮನೆಯ ವ್ಯವಹಾರ ಹೀಗೆ ಹೊಳೆಯಾಗಿ ಹರಿಯತೊಡಗಿತು.

ಒಂದು ಮುಂಜಾನೆ ಕಮೋಡು “ಗುಳುಕ್” ಎಂದಿತು.

ದುಂಡಪ್ಪ ಬಟನ್ ಒತ್ತಿದ. ಇಳಿಯಬೇಕಾದ ನೀರು ಏರಿತು. ಏರಿದ್ದು ಅಂಚಿನವರೆಗೆ ಬಂದು ಅವನ ಮುಖ ನೋಡಿತು. ಅವನೂ ಅದರ ಮುಖ ನೋಡಿದ. ಇಬ್ಬರೂ ಏನೂ ಮಾತಾಡಲಿಲ್ಲ. ಆಮೇಲೆ ಅವನೊಬ್ಬನೇ ಹೊರಗೆ ಬಂದು ಬಾಗಿಲಿಗೆ ಚಿಲಕ ಹಾಕಿ, ಚಿಲಕಕ್ಕೆ ಕೀಲಿ ಜಡಿದ.

“ಯಾಕ್ರಿ, ಏನಾತು?” ಎಂದು ಹೆಂಡತಿ ರಾಜೇಶ್ವರಿ ಕೇಳಿದಳು.

“ಏನಿಲ್ಲ. ಬೀಗರ ಬರೂತನಾ ಹೊಸಾದ ಇರ್ಲಿ ಅಂತ.”

ಹೊಸದಾಗಿರುವುದೇನೋ ಸರಿ, ಆದರೆ ಮನೆಯವರು ಎಲ್ಲಿಗೆ ಹೋಗಬೇಕು? ಕಬ್ಬು ಎತ್ತರವಿದ್ದ ಕಾಲವಾಗಿದ್ದರೆ ಪ್ರಶ್ನೆಯೇ ಇರಲಿಲ್ಲ. ಆದರೆ ಕಾರ್ಖಾನೆಯ ಟೋಳಿ ಹೋದ ವಾರವೇ ಬಂದು ಕಬ್ಬು ಕಡಿದುಕೊಂಡು ಹೋಗಿತ್ತು. ತೋಟದ ಮನೆಯಿಂದ ಕೆನಾಲಿನವರೆಗೆ ನೆಲ ಅಂಗೈಯಂತೆ ಬಯಲಾಗಿತ್ತು. ತಂಬಿಗೆ ಹಿಡಿದು ನಿಂತರೆ ಕೊಣ್ಣೂರಿನ ಬಸ್ಸಿನಲ್ಲಿ ಕೂತವರು ಕೈ ಬೀಸುವಷ್ಟು ಬಯಲು. ಹೆಂಗಸರು ಬಾಜೂ ಹೊಲದ ಮಾಲಿಂಗಪ್ಪನ ಮನೆಗೆ ಮೊಸರಿನ ನೆಪದಲ್ಲಿ ಹೋಗಿ ಬರತೊಡಗಿದರು. ದುಂಡಪ್ಪನಿಗೆ ಅದು ಸಾಧ್ಯವಿರಲಿಲ್ಲ. ಮಾಲಿಂಗಪ್ಪನಿಗೆ ಫ್ಲಶ್ ತೋರಿಸುವಾಗ ಅವನು ಒಂದೆರಡು ಮಾತು ಹೆಚ್ಚೇ ಆಡಿದ್ದ. ಆದ್ದರಿಂದ ದಿನಾ ಬೆಳಿಗ್ಗೆ ಬೈಕು ಹತ್ತಿ ಘಟಪ್ರಭಾ ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರ್ಮ್ ಟಿಕೀಟು ತೆಗೆದುಕೊಂಡು, ಯಾರನ್ನೋ ಕಳಿಸಲು ಬಂದವನಂತೆ ಮುಖ ಮಾಡಿ ಒಳಗೆ ಹೋಗುತ್ತಿದ್ದ. ಸ್ಟೇಷನ್ನಿನ ಚಹಾದವನು ಮೂರನೆಯ ದಿನ ಕೇಳಿಯೇಬಿಟ್ಟ:

“ಸಾವಕಾರ್ರ, ಮನ್ಯಾಗಿನ ಮಂದೀನ ದಿನಾ ಒಬ್ಬೊಬ್ಬರನ್ನ ಊರಿಗೆ ಕಳಿಸಾಕತ್ತೀರೇನ್ರಿ?”

ಇನ್ನು ತಡೆಯುವಂತಿರಲಿಲ್ಲ. ಮೂಡಲಗಿಯಲ್ಲಿ ಉಮೇಶ ಎಂಬವನ ಹತ್ತಿರ ಗುಂಡಿ ಎಳೆಯುವ ಟ್ಯಾಂಕರ್ ಇದೆಯೆಂದು ಗೊತ್ತುಮಾಡಿಕೊಂಡು ಫೋನು ಹಚ್ಚಿದ.

“ರವಿವಾರ ಬರ್ತೇನ್ರಿ,” ಎಂದ ಉಮೇಶ. “ಅಲ್ಲೀತನಾ ಗುಂಡಿ ಎಲ್ಲೈತಿ ನೋಡಿ ಇಟ್ಟಿರ್ರಿ. ಆದ್ರ ಕಲ್ಲ ಮಾತ್ರ ನೀವ ಎತ್ತಬ್ಯಾಡ್ರಿ. ಒಳಗ ಗ್ಯಾಸ ಕಟ್ಟಿರತೈತಿ. ಬೀಡಿ, ಕಡ್ಡಿಪೆಟಗಿ ಹತ್ರ ತರಬ್ಯಾಡ್ರಿ, ಭಗ್ ಅಂತೈತಿ.”

ಬೀಗರು ಬರುವುದು ಸೋಮವಾರ. ರವಿವಾರ ಟ್ಯಾಂಕರ್ ಬಂದು ಹೋದರೆ ಸೋಮವಾರದ ಹೊತ್ತಿಗೆ ಕಮೋಡು ಮತ್ತೆ ಮೌನ ತಾಳುತ್ತದೆ. ದುಂಡಪ್ಪನ ಲೆಕ್ಕಾಚಾರದಲ್ಲಿ ತಪ್ಪೇನಿರಲಿಲ್ಲ. ಗುಂಡಿ ಎಲ್ಲಿದೆಯೆಂಬುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಸಂಡಾಸ ಕಟ್ಟಿದ ಕಾಲಕ್ಕೆ ಅವನು ಘಟಪ್ರಭಾದಲ್ಲಿ ಸೋದರಮಾವನ ಮನೆಯಲ್ಲಿದ್ದು ಸಾಲೆ ಕಲಿಯುತ್ತಿದ್ದ. ರಜೆಗೆ ಬಂದಾಗ ಸಂಡಾಸವಿತ್ತು. ಅಪ್ಪ ಕಟ್ಟಿಸಿದ ಸಂಡಾಸದ ಗುಂಡಿ ಎಲ್ಲಿದೆಯೆಂದು ಕೇಳುವ ಮಗ ಲೋಕದಲ್ಲಿ ಇನ್ನೂ ಹುಟ್ಟಿಲ್ಲ.

ಗುಂಡಿ ಸಂಡಾಸದ ಹಿಂದಿರುವುದು ಲೋಕರೂಢಿ. ದುಂಡಪ್ಪ ಹಿಂದೆ ಅಗೆದ. ಒಂದು ಹಳೆಯ ನೇಗಿಲ ಕುಳ ಸಿಕ್ಕಿತು. ಎಡಕ್ಕೆ ಅಗೆದ, ಬೇರು ಸಿಕ್ಕಿತು. ಬಲಕ್ಕೆ ಅಗೆದ, ರಾಜೇಶ್ವರಿ ಕಳೆದ ವರ್ಷ ಕಳೆದುಕೊಂಡಿದ್ದ ಸೌಟು ಸಿಕ್ಕಿ ಇಬ್ಬರಿಗೂ ಜಗಳವಾಯಿತು.

ಪಡಸಾಲೆಯಲ್ಲಿ ಕೂತಿದ್ದ ಅವನ ತಾಯಿ ಕೆಂಚವ್ವ ಅಲ್ಲಿಂದಲೇ ಕೂಗಿದಳು: “ದುಂಡ್ಯಾ, ಅಲ್ಲೆಲ್ಲಿ ಅಗಿತೀಯೋ? ನಾ ಹೇಳೂದ ಒಂದೀಟ ಕೇಳ ಇಲ್ಲೆ...”

“ಯವ್ವಾ, ನೀ ಸುಮ್ನ ಕೂಡ ಬೇ. ಇದು ಟೆಕ್ನಿಕಲ್ ಐತಿ.”

ಕೆಂಚವ್ವ ಸುಮ್ಮನಾದಳು. ಈ ಕಥೆಯ ಕೀಲಿಯೆಲ್ಲ ಆ ಮುದುಕಿಯ ಬಾಯಲ್ಲಿತ್ತು. ಆದರೆ ಮನೆಯಲ್ಲಿ ಅತಿ ಹಿರಿಯರಾದವರ ಮಾತು ದೇವರಕೋಣೆಯ ಗಂಟೆಯಂತೆ; ಎಲ್ಲರಿಗೂ ಕೇಳುತ್ತದೆ, ಯಾರೂ ಎದ್ದು ಬರುವುದಿಲ್ಲ.

ಕೊನೆಗೆ ಪೈಪಿನ ದಾರಿ ಹಿಡಿದು ಹೊರಟ. ಅದು ಹಿತ್ತಿಲಿಗೆ ಹೋಗುವ ಬದಲು ಗೋಡೆಗುಂಟ ತಿರುಗಿ ಮನೆಯ ಮುಂದಿನ ಅಂಗಳಕ್ಕೆ ಬಂದಿತ್ತು. ಅಂಗಳದ ನಡುವೆ ಹಾರೆ ಊರಿದ. ಮೊಣಕಾಲುದ್ದ ಮಣ್ಣಿನಡಿ “ಧಣ್” ಎಂದಿತು. ಕಲ್ಲು! ದುಂಡಪ್ಪನ ಎದೆ ಹಿಗ್ಗಿತು. ಹಿಗ್ಗಿದ ಎದೆಯನ್ನು ನೆಟ್ಟಗೆ ಮಾಡಿ ನಿಂತಾಗ ಬೇಲಿಯ ಆಚೆ ಮಾಲಿಂಗಪ್ಪ ನಿಂತಿದ್ದ. ಕುರಿಗಳೂ ನಿಂತಿದ್ದವು.

“ಏನ ದುಂಡಪ್ಪಣ್ಣಾ, ಮನೀ ಸುತ್ತೂ ಅಗದ್ಯಲ್ಲ, ಏನ ಹುಡಕಾಕತ್ತಿ?”

ಕುರಿಗಳೆಲ್ಲ ಉತ್ತರಕ್ಕೆ ಕಾದವು. ಇಲ್ಲಿ ದುಂಡಪ್ಪ ಖರೆ ಹೇಳಬಹುದಿತ್ತು. ಆದರೆ ಯಾರಿಗೆ? ತಾನು ಎರಡು ಸಲ ಫ್ಲಶ್ ಒತ್ತಿ ತೋರಿಸಿದ ಮನುಷ್ಯನಿಗೆ! ಅವನ ಕಣ್ಣು ಅಂಗಳದ ಮೇಲೆ ಹೊರಳಿತು. ಅವನ ಅಜ್ಜನ ಕಾಲದಲ್ಲಿ ಈ ಮನೆಗೆ ಹಗೇವು ಇತ್ತೆಂದು ಕೇಳಿದ್ದ. ಹಗೇವೆಂದರೆ ನೆಲದೊಳಗೆ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಡಿಯುವ ಕಣಜ. ಹಗೇವಿದ್ದ ಮನೆಯೆಂದರೆ ಆ ಕಾಲದಲ್ಲಿ ಕೇಳಿದವರು ತಲೆಯ ರುಮಾಲು ಸರಿಮಾಡಿಕೊಳ್ಳುತ್ತಿದ್ದರು.

“ಹಗೇವು,” ಎಂದ ದುಂಡಪ್ಪ.

“ಆಂ?”

“ಅಜ್ಜನ ಹಗೇವು. ತಗಿಸಾಕತ್ತೇನಿ. ಬೀಗರ ಬರತಾರಲ್ಲ, ಮನೆತನ ಅಂದ್ರ ಏನಂತ ಗೊತ್ತಾಗ್ಲಿ.”

ಮಾಲಿಂಗಪ್ಪ ಒಂದು ಕ್ಷಣ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಅವನ ಜೀವಮಾನದಲ್ಲಿ ದುಂಡಪ್ಪನ ಎದುರು ಅವನು ಹಾಗೆ ಮಾಡಿದ್ದು ಅದೇ ಮೊದಲು. ದುಂಡಪ್ಪನಿಗೆ ಆ ಟೊಪ್ಪಿಗೆಯ ಸುಖ ಸಂಜೆಯವರೆಗೂ ಇತ್ತು.

ಮರುದಿನ ಹುಕ್ಕೇರಿ ಸಂತೆ. ಮಾಲಿಂಗಪ್ಪ ಕುರಿ ಮಾರಲು ಹೋದವನು ಕುರಿಗಿಂತ ಮೊದಲು ಸುದ್ದಿ ಮಾರಿದ. ಮಧ್ಯಾಹ್ನದ ಹೊತ್ತಿಗೆ ದುಂಡಪ್ಪನ ಫೋನು ಬಡಿದುಕೊಳ್ಳತೊಡಗಿತು. ಮೊದಲು ಮೂಡಲಗಿಗೆ ಕೊಟ್ಟ ಅವನ ಅಕ್ಕ ಹನಮವ್ವ:

“ತಮ್ಮಾ, ಹಗೇವ ತಗಿಸಾಕತ್ತಿ, ನನಗ ಒಂದ ಮಾತ ಹೇಳಲಿಲ್ಲ! ತವರಮನಿ ಹಗೇವಿನ್ಯಾಗ ನನ್ನ ಪಾಲ ಇಲ್ಲೇನು?”

“ಐತಿ ಅಕ್ಕಾ, ಆದ್ರ...”

“ಆದ್ರ ಗೀದ್ರ ಬ್ಯಾಡ. ಚೀಲಾ ತಗೊಂಡ ಬರ್ತೇನಿ.”

ಆಮೇಲೆ ಕೃಷಿ ಇಲಾಖೆಯ ಹೊಳೆಪ್ಪ ಸಾಹೇಬರು. ಹಗೇವಿನ ಹಳೆಯ ಜೋಳದ ತಳಿ ಈಗ ನೋಡಲೂ ಸಿಗುವುದಿಲ್ಲವಾದ್ದರಿಂದ ಸ್ಯಾಂಪಲ್ ತೆಗೆಯಲು ತಾವೇ ಖುದ್ದಾಗಿ ಬರುವುದಾಗಿ ಹೇಳಿದರು. ಕೊನೆಗೆ ಹುಡುಗನ ಅಪ್ಪ ಬಸವಲಿಂಗಪ್ಪ. ಧ್ವನಿಯಲ್ಲಿ ಹಿಂದೆಂದೂ ಇಲ್ಲದ ವಿನಯ:

“ಬೀಗರ, ನಮ್ಮ ಅಪ್ಪಾರು ಹಗೇವಿನ ಸುದ್ದಿ ಕೇಳಿ ಊಟಾ ಬಿಟ್ಟಾರ್ರಿ. ಸಣ್ಣವರಿದ್ದಾಗ ನೋಡಿದ್ದಂತ. ಸಾಯೂದರೊಳಗ ಇನ್ನೊಂದ ಸಲ ಹಗೇವಿನ ಬಾಯಿ ತಗಿಯೂದ ನೋಡಬೇಕಂತಾರ. ಸೋಮವಾರದ ಬದಲಿ ರವಿವಾರನ ಬರ್ತೇವ್ರಿ. ಕಂದೀಲ ಅವರ ಕೈಯಾಗ ಕೊಡ್ರಿ, ಅಷ್ಟ ಸಾಕು.”

ಹಗೇವು ತೆರೆದ ಕೂಡಲೆ ಯಾರೂ ಒಳಗೆ ಇಳಿಯುವುದಿಲ್ಲ. ಮುಚ್ಚಿದ ಗಾಳಿ ಕೆಟ್ಟದ್ದು. ಇದ್ದವರಲ್ಲಿ ಹಿರಿಯರು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. ಆ ಮರ್ಯಾದೆ ಗುರುಪಾದಪ್ಪನವರಿಗೆ ಬೇಕಾಗಿತ್ತು.

ದುಂಡಪ್ಪ ಫೋನು ಕೆಳಗಿಟ್ಟ. ದಾನೇಶ್ವರಿ ಎದುರಿಗೆ ನಿಂತಿದ್ದಳು. ಅವಳು ಘಟಪ್ರಭಾದ ಆಸ್ಪತ್ರೆಯಲ್ಲಿ ನರ್ಸು. ರೋಗಿ ಸುಳ್ಳು ಹೇಳುತ್ತಿದ್ದರೆ ನಾಡಿ ಹಿಡಿಯದೆ ಗೊತ್ತಾಗುತ್ತಿತ್ತು.

“ಅಪ್ಪಾ, ಅವರಿಗೆ ಫೋನ್ ಮಾಡಿ ಖರೆ ಹೇಳಿಬಿಡು.”

“ಏನಂತ ಹೇಳ್ಲಿ? ಬೀಗರಿಗೆ ಮೊದಲನೇ ಮಾತ ಸಂಡಾಸದ್ದ ಹೇಳ್ಲೇನ?”

“ಅಜ್ಜಾರು ಹೆಂತಾವರ ಗೊತ್ತಿಲ್ಲೇನ ನಿನಗ? ಎಮ್ಮಿ ಕಥಿ ಮರತಿ?”

ಎಮ್ಮೆಯ ಕಥೆ ಮರೆಯುವಂಥದ್ದಲ್ಲ. ಪ್ರಭುವಿನ ಅಣ್ಣನಿಗೆ ಮೊದಲು ಒಂದು ಕಡೆ ಹೆಣ್ಣು ನೋಡಿದ್ದರು. ಆ ಮನೆಯವರು ನೆರೆಮನೆಯ ಎಮ್ಮೆ ತಂದು ಕಟ್ಟಿ, ನಮ್ಮದೇ ಎಂದಿದ್ದರು. ಸಕ್ಕರೆ ಬಟ್ಟಲು ಹೊರಗೆ ಬಂದಿತ್ತು. ಅಷ್ಟರಲ್ಲಿ ಸಂಜೆಯಾಯಿತು. ಎಮ್ಮೆ ಗೂಟ ಕಿತ್ತುಕೊಂಡು, ಎಲ್ಲರ ಎದುರಿಗೆ ಅಂಗಳ ದಾಟಿ, ತನ್ನ ಮನೆಗೆ ಹೋಯಿತು. ಗುರುಪಾದಪ್ಪ ಎದ್ದು ಹೆಗಲ ಮೇಲಿನ ವಸ್ತ್ರ ಝಾಡಿಸಿ, “ಎಮ್ಮಿಗಿರೂ ನಿಯತ್ತ ಮನಷ್ಯಾಗಿಲ್ಲ” ಎಂದವರೇ ಎಮ್ಮೆಯ ಹಿಂದೆಯೇ ಹೊರಟುಹೋಗಿದ್ದರು. ಮನೆ ಸಣ್ಣದಿದ್ದರೆ ಅವರಿಗೆ ಚಿಂತೆಯಿಲ್ಲ, ಸುಳ್ಳು ಮಾತ್ರ ಸಣ್ಣದಿದ್ದರೂ ಆಗದು.

ದಾನೇಶ್ವರಿ ಅಂದು ಫೋನು ಚಾರ್ಜಿಗೆ ಹಾಕಲಿಲ್ಲ. ಆ ಕಪ್ಪು ಫೋನು ಮೇಜಿನ ಮೇಲೆ ಸತ್ತಂತೆ ಬಿದ್ದಿರುವುದನ್ನು ಕಂಡು ದುಂಡಪ್ಪನಿಗೆ ಊಟ ಸೇರಲಿಲ್ಲ. ಅವನು ಮೂರು ರೊಟ್ಟಿಗೇ ಎದ್ದ.

“ದುಂಡ್ಯಾ,” ಎಂದಳು ಕೆಂಚವ್ವ. “ಅಂಗಳದಾಗ ಆ ಕಲ್ಲ ಐತಿ ನೋಡ...”

“ಗೊತ್ತೈತಿ ಬೇ! ಆ ಕಲ್ಲ ನನ್ನ ತಲೀ ಮ್ಯಾಲೆ ಐತಿ!”

ರವಿವಾರ ಬಂತು. ಅಂಗಳ ತುಂಬಿತು. ಕೊಣ್ಣೂರಿನ ಅರ್ಧ ಮಂದಿ ಬುಟ್ಟಿ ಹಿಡಿದು ಬಂದಿದ್ದರು. ಹಗೇವು ತೆರೆದ ಮನೆಯವರು ನೋಡಲು ಬಂದವರಿಗೆ ಬೊಗಸೆ ಜೋಳ ಕೊಡುವುದು ವಾಡಿಕೆಯೆಂದು ಯಾರೋ ನೆನಪಿಸಿಕೊಂಡಿದ್ದರು. ಹನಮವ್ವ ಚೀಲಗಳ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಕಲ್ಲಿನ ಬುಡದಲ್ಲೇ ಜಾಗ ಹಿಡಿದಿದ್ದಳು. ಹೊಳೆಪ್ಪ ಸಾಹೇಬರು ಸ್ಯಾಂಪಲ್ಲಿನ ಪ್ಲಾಸ್ಟಿಕ್ ಚೀಲಗಳ ಮೇಲೆ “ದುಂಡಪ್ಪ-ದೇಶಿ” ಎಂದು ತಳಿಗೆ ಹೆಸರಿಟ್ಟೇ ಬಂದಿದ್ದರು. ಮಾಲಿಂಗಪ್ಪ ತಾನೇ ಈ ಹಗೇವಿನ ಮೊದಲ ಸಾಕ್ಷಿಯೆಂಬಂತೆ ಎಲ್ಲರಿಗೂ ವಿವರಿಸುತ್ತಿದ್ದ.

ಹುಕ್ಕೇರಿಯ ಗಾಡಿ ಬಂದು ನಿಂತಿತು. ಬಸವಲಿಂಗಪ್ಪ ಇಳಿದರು, ಪ್ರಭು ಇಳಿದ, ಕೊನೆಗೆ ಗುರುಪಾದಪ್ಪ. ಬಿಳಿಯ ರುಮಾಲು, ಹಣೆ ತುಂಬ ವಿಭೂತಿ, ಕೈಯಲ್ಲಿ ಕಂದೀಲು. ಹುಕ್ಕೇರಿಯಿಂದ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು.

“ಕಲ್ಲ ಎಲ್ಲೈತ್ರಿ?” ಎಂದರು. ಚಹಾ ಕೇಳಲಿಲ್ಲ, ಮನೆ ನೋಡಲಿಲ್ಲ, ಹುಡುಗಿಯ ಕಡೆಗೂ ನೋಡಲಿಲ್ಲ.

ಅಷ್ಟರಲ್ಲಿ ದಾರಿಯಿಂದ ಘುರ್ ಘುರ್ ಎನ್ನುತ್ತ ಉಮೇಶನ ಟ್ಯಾಂಕರ್ ಒಳಗೆ ಬಂತು. ದುಂಡಪ್ಪ ಫೋನಿನಲ್ಲೇ ಬೇಡಿಕೊಂಡಿದ್ದರಿಂದ ಉಮೇಶ ಟ್ಯಾಂಕಿನ ಮೇಲಿನ ಅಕ್ಷರ ಕಾಣದಂತೆ ತಾಡಪತ್ರಿ ಹೊದಿಸಿದ್ದ. ತಾಡಪತ್ರಿ ಗಿಡ್ಡವಾಗಿ ಫೋನ್ ನಂಬರು ಮಾತ್ರ ಹೊರಗಿತ್ತು.

“ಇದೇನಿದು?” ಎಂದರು ಗುರುಪಾದಪ್ಪ.

ಅಂಗಳವೆಲ್ಲ ದುಂಡಪ್ಪನ ಕಡೆ ತಿರುಗಿತು. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಹೇಳುವುದು ಕಷ್ಟವಲ್ಲ, ಹೇಳದಿರುವುದೇ ಕಷ್ಟ.

“ಕಾಳ ಎಳಿಯೂ ಮಷೀನ್ರಿ, ಅಜ್ಜಾರ. ಈಗ ಹಗೇವಿನ್ಯಾಗ ಮನಷ್ಯಾರ ಇಳಿಯೂದಿಲ್ಲ. ಪೈಪ ಬಿಟ್ಟ ಎಳಿಯೂದು.”

“ಹೌದೇನ್ರಿ ಸಾಹೇಬ್ರ?” ಎಂದು ಬಸವಲಿಂಗಪ್ಪ ಹೊಳೆಪ್ಪನವರನ್ನು ಕೇಳಿದರು.

ಹೊಳೆಪ್ಪ ಸಾಹೇಬರು ಅಂಥ ಮಷೀನನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೆ ಕಂಡಿಲ್ಲವೆಂದು ಹೇಳಿದ ಸಾಹೇಬರನ್ನು ಈ ಜಿಲ್ಲೆ ಕಂಡಿಲ್ಲ.

“ಹೌದ್ರಿ, ಹೊಸಾ ಮಾಡೆಲ್ ಐತಿ,” ಎಂದು ಟ್ಯಾಂಕರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. “ಸಬ್ಸಿಡಿ ಇನ್ನೂ ಬಂದಿಲ್ಲ.”

ಉಮೇಶ ದುಂಡಪ್ಪನನ್ನು ಬದಿಗೆ ಕರೆದ. “ಸಾವಕಾರ್ರ, ಗುಂಡಿ ಎಳಿಯೂದ ನೋಡಾಕ ಇಷ್ಟ ಮಂದಿ ಬಂದದ್ದ ನಾ ಎಲ್ಲೂ ನೋಡಿಲ್ರಿ. ಏನ, ನಿಮ್ಮ ಕಡೆ ಪೂಜಿ ಗೀಜಿ ಮಾಡಿಸ್ತೀರೇನು?”

“ಸುಮ್ನಿರಪಾ, ನಿನ್ನ ಪಾದಾ ಹಿಡೀತೇನಿ. ಕಲ್ಲ ಎತ್ತು, ಪೈಪ ಬಿಡು, ಹೋಗು.”

ಪೂಜೆ ಹೇಗೂ ನಡೆಯಿತು. ರಾಜೇಶ್ವರಿ ತುಂಬಿದ ಕೊಡ ತಂದಿಟ್ಟಳು. ಗುರುಪಾದಪ್ಪ ಕಲ್ಲಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಕೈ ಮುಗಿದರು. ಅಂಗಳದ ಮಂದಿಯೂ ಕೈ ಮುಗಿದರು. ದುಂಡಪ್ಪ ಕೂಡ ಮುಗಿದ. ಅವನಷ್ಟು ಮನಃಪೂರ್ವಕವಾಗಿ ಮುಗಿದವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಉಮೇಶ ಹಾರೆ ಹಾಕಿದ. ಕಲ್ಲು ಮಿಸುಕಿತು, ಸರಿಯಿತು. ಕತ್ತಲೆಯ ಒಂದು ಬಾಯಿ ತೆರೆಯಿತು. ಆಮೇಲೆ ವಾಸನೆ ಬಂತು.

ಅದು ಬಂದ ರೀತಿಯನ್ನು ವರ್ಣಿಸುವುದು ಬೇಡ. ಎಮ್ಮೆ ಮುಖ ತಿರುಗಿಸಿತು. ಮಂದಿ ಮಾತ್ರ ತಿರುಗಿಸಲಿಲ್ಲ. ಹಗೇವಿನ ಜೋಳಕ್ಕೆ ವಾಸನೆ ಇರುತ್ತದೆಂದು ಹಿರಿಯರು ಹೇಳಿದ್ದನ್ನು ಎಲ್ಲರೂ ಕೇಳಿದ್ದರು. ಯಾರು ಮೊದಲು ಮೂಗು ಮುಚ್ಚುವರೋ ಅವರ ಮನೆತನದಲ್ಲಿ ಹಗೇವು ಇರಲಿಲ್ಲವೆಂದು ಸಿದ್ಧವಾಗುತ್ತಿತ್ತು.

“ಆಹಾ,” ಎಂದ ಮಾಲಿಂಗಪ್ಪ ಕಣ್ಣೀರು ಒರೆಸಿಕೊಳ್ಳುತ್ತ, “ಹಗೇವಿನ ವಾಸನಿ ಅಂದ್ರ ಇದ ನೋಡ್ರಿ.”

“ನಮ್ಮ ಅಜ್ಜನ ಕಾಲದಾಗೂ ಥೇಟ ಹಿಂಗ ಬರ್ತಿತ್ತು,” ಎಂದಳು ಹನಮವ್ವ ಸೆರಗಿನೊಳಗಿಂದ.

“ಹಳೀ ತಳಿ,” ಎಂದರು ಹೊಳೆಪ್ಪ ಸಾಹೇಬರು. “ಸ್ಟ್ರಾಂಗ್ ಇರತೈತಿ.”

ಗುರುಪಾದಪ್ಪ ಒಬ್ಬರೇ ಯಾವ ಮಾತೂ ಆಡದೆ ಕಡ್ಡಿ ಗೀರಿ ಕಂದೀಲು ಹಚ್ಚಿದರು. ಗಾಜು ಇಳಿಸಿದರು. ಹಗ್ಗ ಕಟ್ಟಿದರು. ಒಂದೊಂದೇ ಹೆಜ್ಜೆ ಇಟ್ಟು ಬಾಯಿಯ ಕಡೆ ನಡೆದರು. ಅವರ ಮುಖದಲ್ಲಿ ಚಿಕ್ಕ ಹುಡುಗನ ಸಂಭ್ರಮವಿತ್ತು.

ಟ್ಯಾಂಕರಿನ ಹಿಂದೆ ಪೈಪು ಬಿಚ್ಚುತ್ತಿದ್ದ ಉಮೇಶನಿಗೆ ಇದು ಕಾಣಿಸಲಿಲ್ಲ. ದುಂಡಪ್ಪನಿಗೆ ಕಾಣಿಸಿತು. ‘ಭಗ್ ಅಂತೈತಿ’ ಎಂಬ ಮಾತು ಕಿವಿಯಲ್ಲಿ ಕೇಳಿಸಿತು. ಒಂದು ಕಡೆ ಮಗಳ ಸಕ್ಕರೆ, ಇನ್ನೊಂದು ಕಡೆ ಮುದುಕನ ಜೀವ. ದುಂಡಪ್ಪ ಯೋಚಿಸಲಿಲ್ಲ. ಯೋಚಿಸಿದ್ದರೆ ತಪ್ಪು ಮಾಡುತ್ತಿದ್ದ. ಯೋಚಿಸಿ ಮಾಡಿದ ಅವನ ಕೆಲಸಗಳೆಲ್ಲ ಇಷ್ಟರವರೆಗೆ ಹಾಗೇ ಆಗಿದ್ದವು. ಪೂಜೆಯ ಕೊಡ ಎತ್ತಿದವನೇ ಓಡಿ ಹೋಗಿ, ಕಂದೀಲಿನ ಮೇಲೆ ಸುರಿದ. ಕಂದೀಲು ಸಣ್ಣದು, ಕೊಡ ದೊಡ್ಡದು. ಉಳಿದ ನೀರೆಲ್ಲ ಗುರುಪಾದಪ್ಪನವರ ರುಮಾಲಿನ ಮೇಲಿಂದ ಪಾದದವರೆಗೆ ಅಭಿಷೇಕವಾಯಿತು.

“ಅಜ್ಜಾರ, ದೀಪಾ ಬಿಡಬ್ಯಾಡ್ರಿ! ಹೊತ್ತತೈತಿ! ಅದು ಹಗೇವಲ್ರಿ, ಸಂಡಾಸದ ಗುಂಡಿ!”

ಮೌನಗಳಲ್ಲಿ ಹಲವು ಬಗೆ. ಸಾವಿನ ಮನೆಯ ಮೌನ ಒಂದು, ಪರೀಕ್ಷೆಯ ಕೋಣೆಯ ಮೌನ ಒಂದು. ಈ ಮೌನದಲ್ಲಿ ಗುರುಪಾದಪ್ಪನವರ ಮೀಸೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಹೊಳೆಪ್ಪ ಸಾಹೇಬರು ಸ್ಯಾಂಪಲ್ ಚೀಲಗಳನ್ನು ಮೆಲ್ಲಗೆ ಕಿಸೆಗೆ ಸೇರಿಸಿದರು. ಬುಟ್ಟಿ ತಂದವರು ಬುಟ್ಟಿಗಳನ್ನು ಬೆನ್ನ ಹಿಂದೆ ಹಿಡಿದರು.

“ಅಂದ್ರ,” ಎಂದರು ಗುರುಪಾದಪ್ಪ ನಿಧಾನವಾಗಿ, “ಹಗೇವಂದದ್ದು ಸುಳ್ಳು?”

ದುಂಡಪ್ಪ ಮಗಳ ಕಡೆ ನೋಡಿದ. ಮತ್ತೆ ನೆಲ ನೋಡಿದ.

“ಸುಳ್ರಿ. ಹುಡಿಗೀದ ಏನೂ ತಪ್ಪಿಲ್ಲ, ಆಕಿ ಖರೆ ಹೇಳಂದಿದ್ಲು. ಸುಳ್ಳ ನಂದ.”

ಗುರುಪಾದಪ್ಪ ಹೆಗಲ ಮೇಲಿನ ಒದ್ದೆ ವಸ್ತ್ರ ತೆಗೆದು ಝಾಡಿಸಿದರು. ಎಮ್ಮೆಯ ಕಥೆ ಗೊತ್ತಿದ್ದವರಿಗೆಲ್ಲ ಮುಂದಿನದು ಗೊತ್ತಿತ್ತು. ಪ್ರಭು ದಾನೇಶ್ವರಿಯ ಕಡೆ ನೋಡಿದ. ಬಸವಲಿಂಗಪ್ಪ ಗಾಡಿಯ ಕೀಲಿಗೆ ಕೈ ಹಾಕಿದರು.

“ಸುಳ್ಳ ಹೇಳಾಕತ್ತಾನ್ರಿ ಇವಾ!”

ಪಡಸಾಲೆಯಿಂದ ಬಂದ ಧ್ವನಿ ಅದು. ಕೆಂಚವ್ವ ಕೋಲೂರಿಕೊಂಡು ಕಟ್ಟೆ ಇಳಿಯುತ್ತಿದ್ದಳು. ಹಲವು ದಿನಗಳ ನಂತರ ಅಂಗಳದಲ್ಲಿ ಅವಳ ಮಾತು ಕೇಳುವಷ್ಟು ಮೌನ ಬಿದ್ದಿತ್ತು.

“ಯವ್ವಾ, ಖರೇನ ಹೇಳಾಕತ್ತೇನಿ...”

“ಬಾಯಿ ಮುಚ್ಚ. ಖರೇ ಅಂದ್ರ ಏನಂತ ನಿನಗೇನ ಗೊತ್ತು? ಆಗಿಂದ ಹೇಳ್ತೇನಿ ಹೇಳ್ತೇನಿ ಅಂದ್ರ ಟೆಕ್ನಿಕಲ್ ಅಂತ!” ಕೆಂಚವ್ವ ಕೋಲಿನಿಂದ ಗುಂಡಿಯ ಬಾಯಿ ತೋರಿಸಿದಳು. “ಬೀಗರ, ಇದು ಹಗೇವ್ರಿ. ನಮ್ಮ ಮಾವನವರ ಹಗೇವು.”

ಗುರುಪಾದಪ್ಪ ನಿಂತರು.

“ಕೆನಾಲ ನೀರ ಬಂತು. ಜ್ವಾಳ ಹೋತು, ಕಬ್ಬ ಬಂತು. ಕಬ್ಬ ಹಗೇವಿನ್ಯಾಗ ಇಡಾಕ ಬರತೈತೇನ್ರಿ? ಖಾಲಿ ಬಿತ್ತು. ಮಗಗ ಲಗ್ನಾ ಮಾಡೂಕಿಂತ ಮೊದಲ ಸಂಡಾಸ ಆಗಬೇಕಂತ ನಾ ಹಠಾ ಹಿಡದೆ. ನಾ ತಂಬಗಿ ಹಿಡಕೊಂಡ ಬೆಳಕ ಹರಿಯೂಕಿಂತ ಮೊದಲ ಓಡಿದ್ದ ಸಾಕು, ಬರೂ ಸೊಸಿ ಓಡಬಾರದು ಅಂದೆ. ನಮ್ಮ ಯಜಮಾನ್ರಂದ್ರು, ಸಂಡಾಸ ಕಟ್ಟಸ್ತೇನಿ, ಆದ್ರ ತೋಡಿದ ಗುಂಡಿ ಅಂಗಳದಾಗ ಇರೂವಾಗ ಇನ್ನೊಂದ್ಯಾಕ ತೋಡ್ಲಿ? ಪೈಪ ತಂದ ಹಗೇವಿಗೇ ಬಿಟ್ರು. ಈ ಬಯಲಾಗ ಮೊದಲನೇ ಸಂಡಾಸ ನಮ್ಮದ್ರಿ. ಮಂದಿ ನೋಡಾಕ ಬರ್ತಿದ್ರು.”

ಉಮೇಶ ಟಾರ್ಚು ಹಿಡಿದು ಬಾಯಿಯ ಅಂಚು ನೋಡಿದ.

“ಅಜ್ಜಿ ಹೇಳೂದ ಬರೋಬ್ಬರಿ ಐತ್ರಿ. ಸೆಪ್ಟಿಕ್ ಟ್ಯಾಂಕ್ ಚೌಕ ಇರತೈತಿ. ಇದು ಗುಂಡಗ ಐತಿ, ಕೊಡಧಂಗ. ಕೊಳ್ಳ ಸಣ್ಣದು, ಹೊಟ್ಟಿ ದೊಡ್ಡದು. ಇಂಥಾದ್ದ ನಾ ಎಂದೂ ಎಳದಿಲ್ರಿ.”

ಗುರುಪಾದಪ್ಪ ಬಗ್ಗಿ ನೋಡಿದರು. ಈ ಸಲ ಟಾರ್ಚಿನ ಬೆಳಕಿನಲ್ಲಿ, ಮೂಗು ಹಿಡಿದುಕೊಂಡು. ಬಾಯಿಯ ಸುತ್ತ ಕೂರಿಸಿದ ಕಲ್ಲುಗಳನ್ನು ಕೈಯಿಂದ ಸವರಿದರು.

“ಹಗೇವು,” ಎಂದರು. “ಖರೇನ ಹಗೇವು.” ಆಮೇಲೆ ದುಂಡಪ್ಪನ ಕಡೆ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಏನ ಮನಷ್ಯಾ ಇದ್ದೀರಿ! ಸುಳ್ಳ ಹೇಳಾಕ ಹೋಗಿ ಖರೆ ಹೇಳೀರಿ, ಖರೆ ಹೇಳಾಕ ಹೋಗಿ ಸುಳ್ಳ ಹೇಳೀರಿ. ನಿಮ್ಮ ಕೈಲೆ ಎರಡೂ ಆಗೂದಿಲ್ಲ.”

“ಹೌದ್ರಿ,” ಎಂದ ದುಂಡಪ್ಪ ನಮ್ರವಾಗಿ. ಬೇರೆ ಏನು ಹೇಳಿದರೂ ಅದು ಯಾವ ಕಡೆ ಬೀಳುವುದೋ ಎಂಬ ಭಯ.

“ಆದ್ರ ನನ್ನ ಮೀಸಿ ಉಳಿಸೀರಿ. ಸುಳ್ಳ ಮುಚ್ಚಾಕ ಮುದಕನ್ನ ಸುಡಲಿಲ್ಲ.” ಅವರು ಕೆಂಚವ್ವನ ಕಡೆ ನೋಡಿದರು. “ಯವ್ವಾ, ಹಗೇವು ಎಷ್ಟ ತುಂಬೈತಿ?”

“ತುಂಬಿ ತುಳಕಾಕತ್ತೈತ್ರಿ,” ಎಂದಳು ಕೆಂಚವ್ವ ಹೆಮ್ಮೆಯಿಂದ. “ಮನಿ ತುಂಬ ಮಂದಿ, ಹೊಟ್ಟಿ ತುಂಬ ಊಟ. ತುಂಬಲಾರದ ಏನ ಮಾಡತೈತಿ?”

ಮೊದಲು ನಕ್ಕವರು ಗುರುಪಾದಪ್ಪ. ಆಮೇಲೆ ಅಂಗಳ ನಕ್ಕಿತು. ಹನಮವ್ವ ಮಾತ್ರ ನಗದೆ ಚೀಲಗಳನ್ನು ಮಡಿಚುತ್ತಿದ್ದಳು. ದುಂಡಪ್ಪನಿಗೆ ಹೋದ ಜೀವ ಬಂದಿತ್ತು. ಬಂದ ಕೂಡಲೆ ನಾಲಿಗೆಯೂ ಬಂತು.

“ಅಕ್ಕಾ, ನಿನ್ನ ಪಾಲ ತಗೊಂಡ ಹೋಗ ಮತ್ತ.”

“ನಾ ಮೂಡಲಗಿಗೇ ಹೊಂಟೇನ್ರಿ,” ಎಂದ ಉಮೇಶ ಪೈಪು ಇಳಿಬಿಡುತ್ತ. “ಅಕ್ಕಾರ ಪಾಲ ಮನೀತನಾ ನಾನ ಮುಟ್ಟಸ್ತೇನಿ. ಸಾಹೇಬ್ರ, ನಿಮಗ ಸ್ಯಾಂಪಲ್?”

ಹೊಳೆಪ್ಪ ಸಾಹೇಬರಿಗೆ ಅದೇ ಹೊತ್ತಿಗೆ ಗೋಕಾಕದಲ್ಲಿ ಮೀಟಿಂಗು ಇರುವುದು ನೆನಪಾಯಿತು.

ಮಷೀನು ಗುಡುಗಿತು. ಟ್ಯಾಂಕರು ತನ್ನ ಕೆಲಸ ಮುಗಿಸುವವರೆಗೆ ಯಾರೂ ಕದಲಲಿಲ್ಲ. ಹಗೇವು ಬರಿದಾಗುವುದನ್ನು ಅಷ್ಟು ಭಕ್ತಿಯಿಂದ ಆ ಬಯಲಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ನಡುವೆ ಗಾಳಿಗೆ ತಾಡಪತ್ರಿ ಹಾರಿಹೋಯಿತು. ಬಸವಲಿಂಗಪ್ಪ ಟ್ಯಾಂಕರಿನ ಮರೆಯಲ್ಲಿ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಫೋನ್ ನಂಬರನ್ನು ತಮ್ಮ ಫೋನಿಗೆ ಇಳಿಸಿಕೊಳ್ಳುತ್ತಿದ್ದರು.

“ಹುಕ್ಕೇರಿಗೂ ಬರ್ತೀಯೇನಪಾ?” ಎಂದು ಮೆಲ್ಲಗೆ ಕೇಳುವುದು ದುಂಡಪ್ಪನ ಕಿವಿಗೆ ಬಿತ್ತು. “ನಮ್ಮದೂ ಎರಡ ತಿಂಗಳಾತು, ಗುಳುಕ್ ಅನ್ನಾಕತ್ತೈತಿ.”

ದುಂಡಪ್ಪ ಕೇಳಿಸಿಕೊಳ್ಳದವನಂತೆ ನಿಂತ. ಬೀಗತನವೆಂದರೆ ಇದೇ ಎಂದು ಅವನಿಗೆ ಅನಿಸಿತು.

ಒದ್ದೆಯಾದ ಗುರುಪಾದಪ್ಪನವರಿಗೆ ಒಣ ಧೋತರ ಕೊಟ್ಟರು. ಉಟ್ಟುಕೊಂಡು ಬಂದವರು ಸ್ವಲ್ಪ ಅತ್ತ ಇತ್ತ ನೋಡಿದರು. ಹುಕ್ಕೇರಿಯಿಂದ ಕೊಣ್ಣೂರು ವಯಸ್ಸಾದವರಿಗೆ ಹತ್ತಿರದ ದಾರಿಯಲ್ಲ.

“ಬೀಗರ,” ಎಂದರು ದನಿ ತಗ್ಗಿಸಿ, “ಈಗ ನಡೀತೈತೇನ್ರಿ ಅದು?”

ದುಂಡಪ್ಪ ಕೀಲಿ ತೆಗೆದ. ಚಿಲಕ ತೆಗೆದ. ಬಾಗಿಲನ್ನು ಗುಡಿಯ ಬಾಗಿಲಿನಂತೆ ತೆರೆದು ಬದಿಗೆ ಸರಿದ. ಬಟನ್ ಯಾವುದೆಂದು ತೋರಿಸಿದ. ಒತ್ತಿ ಮಾತ್ರ ತೋರಿಸಲಿಲ್ಲ. ಅಜ್ಜನವರು ಒಳಗೆ ಹೋದರು.

ಅಂಗಳದಲ್ಲಿ ಕೆಂಚವ್ವ ಕೋಲಿನ ಮೇಲೆ ಗದ್ದವೂರಿ ಕೂತಳು. ರಾಜೇಶ್ವರಿ ಸೆರಗು ಹಲ್ಲಲ್ಲಿ ಕಚ್ಚಿದಳು. ಮಾಲಿಂಗಪ್ಪ ಬೇಲಿಯ ಮೇಲೆ ಬಾಗಿದ. ದಾನೇಶ್ವರಿ ಕಣ್ಣು ಮುಚ್ಚಿದಳು. ದುಂಡಪ್ಪ ತನ್ನ ಆಯುಷ್ಯದಲ್ಲಿ ಯಾವ ಸದ್ದಿಗೂ ಹೀಗೆ ಕಿವಿಗೊಟ್ಟಿರಲಿಲ್ಲ.

ನೀರು ಗುಡುಗಿತು. ಇಳಿಯಿತು. ಗೋಡೆಗುಂಟ ಹೊರಳಿ, ಅಂಗಳದ ನೆಲದಡಿ ಸರಸರ ಹರಿದು, ಅಜ್ಜನ ಹಗೇವಿನೊಳಗೆ ದೂರದಲ್ಲೆಲ್ಲೋ ಬಿದ್ದು, ಸುಮ್ಮನಾಯಿತು. ಗುಳುಕ್ ಎನ್ನಲಿಲ್ಲ.

ಬಾಗಿಲು ತೆರೆದು ಗುರುಪಾದಪ್ಪ ಹೊರಗೆ ಬಂದರು. ಕೈ ಒರೆಸಿಕೊಂಡರು. ಮೀಸೆ ತಿರುವಿದರು. ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

“ಸಕ್ಕರಿ ತರ್ರಿ.”